ಹೊರೆಗೆ ವಿದ್ಯುತ್ ಒದಗಿಸುತ್ತಲೇ ಬ್ಯಾಟರಿಯ ಮರುಚಾರ್ಜ್: ಅರ್ಜಿದಾರರ ಅವಗಾಹನೆಗೆ

ದೀಪ, ಫ್ಯಾನ್ ಅಥವಾ ಪಂಪಿಗೆ ವಿದ್ಯುತ್ ಒದಗಿಸುತ್ತಲೇ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುವ, ಹೊರಗಿನ ಯಾವುದೇ ಮೂಲ ಬೇಕಿಲ್ಲದ ಸಾಧನವು ಸಾಧ್ಯವಿರುವುದಿಲ್ಲ. ಶಕ್ತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಬಹುದೇ ಹೊರತು ಸೃಷ್ಟಿಸಲಾಗದು. ಪ್ರತಿ ಪರಿವರ್ತನೆಯಲ್ಲಿಯೂ ಒಂದು ಪಾಲು ಶಾಖವಾಗಿ ವ್ಯಯವಾಗುತ್ತದೆ.

ಉದಾಹರಣೆಗೆ, ಬ್ಯಾಟರಿಯಿಂದ 100 ವ್ಯಾಟ್-ಗಂಟೆ ಶಕ್ತಿಯನ್ನು ತೆಗೆದು ಇನ್ವರ್ಟರ್ ಹಾಗೂ ಚಾರ್ಜರ್ ಮೂಲಕ ಅದೇ ಬ್ಯಾಟರಿಗೆ ಮರಳಿಸಲಾಯಿತು ಎಂದಿಟ್ಟುಕೊಳ್ಳೋಣ. ಇನ್ವರ್ಟರಿನ ದಕ್ಷತೆ ಶೇ. 85, ಚಾರ್ಜರಿನದು ಶೇ. 85, ಸೀಸ-ಆಮ್ಲ ಬ್ಯಾಟರಿಯದು ಶೇ. 80 ಎಂದು ಪರಿಗಣಿಸಿದಲ್ಲಿ ಮತ್ತೆ ಬಳಕೆಗೆ ದೊರೆಯುವುದು ಸುಮಾರು 58 ವ್ಯಾಟ್-ಗಂಟೆ ಮಾತ್ರ. ಅದೂ ಒಂದು ದೀಪವನ್ನೂ ಉರಿಸದೆ!

ಪ್ರಾತ್ಯಕ್ಷಿಕೆಗಳಲ್ಲಿ ವೋಲ್ಟ್‌ಮೀಟರ್ ತೋರಿಸಿ ನಂಬಿಸುವ ಸಂಭವವಿರುವುದರಿಂದ ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹೊರೆಯನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ಬ್ಯಾಟರಿಯ ವೋಲ್ಟೇಜ್ ತಾನಾಗಿಯೇ ಸ್ವಲ್ಪ ಏರುತ್ತದೆ. ಇದು ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಯು ಸಮಸ್ಥಿತಿಗೆ ಮರಳುವುದರ ಲಕ್ಷಣವೇ ವಿನಾ ಚಾರ್ಜ್ ತುಂಬಿದುದರ ಪುರಾವೆಯಲ್ಲ. ಒಳಹೋದ ಹಾಗೂ ಹೊರಬಂದ ವ್ಯಾಟ್-ಗಂಟೆಗಳನ್ನು ಅಳೆಯುವ ಮಾಪಕವೇ ನಿಜಸ್ಥಿತಿಯನ್ನು ತಿಳಿಸಬಲ್ಲದು.

ಹಾಗೆಂದು ಶಕ್ತಿಯನ್ನು ಹಿಂಪಡೆಯುವುದೇ ಸುಳ್ಳೆಂದು ಭಾವಿಸಬೇಕಾಗಿಲ್ಲ. ವಿದ್ಯುತ್ ವಾಹನಗಳಲ್ಲಿ ಬ್ರೇಕ್ ಹಾಕಿದಾಗ ಮೋಟಾರು ಜನರೇಟರ್ ಆಗಿ ವರ್ತಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. 1000 ಕಿ.ಗ್ರಾಂ ತೂಕದ ವಾಹನವು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 14 ವ್ಯಾಟ್-ಗಂಟೆ. ಅದರಲ್ಲಿ ಒಂದು ಭಾಗವಷ್ಟೇ ಮರಳಿ ಸಿಗುತ್ತದೆ. ಘಾಟಿ ಇಳಿಯುವಾಗ ಈ ಲಾಭ ಹೆಚ್ಚು. ಆದರೆ ಬ್ಯಾಟರಿ ಪೂರ್ಣ ತುಂಬಿದ್ದಲ್ಲಿ ಹಿಂಪಡೆದ ಶಕ್ತಿಗೆ ಸ್ಥಳವಿರದ ಕಾರಣ ಸಾಮಾನ್ಯ ಬ್ರೇಕನ್ನೇ ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ.

ಸೌರ ಗೃಹದೀಪ ವ್ಯವಸ್ಥೆಯಲ್ಲಿಯೂ ಹಗಲಿನಲ್ಲಿ ಹೊರೆ ಹಾಗೂ ಚಾರ್ಜಿಂಗ್ ಏಕಕಾಲಕ್ಕೆ ನಡೆಯುತ್ತವೆ. ಅಲ್ಲಿ ಶಕ್ತಿಯ ಮೂಲ ಸೂರ್ಯ. ಫಲಕದ ಉತ್ಪಾದನೆ ಹೊರೆಗಿಂತ ಅಧಿಕವಿದ್ದಾಗ ಮಾತ್ರ ಉಳಿಕೆಯು ಬ್ಯಾಟರಿಗೆ ಹೋಗುತ್ತದೆ. ಸತತವಾಗಿ ಅರೆಚಾರ್ಜಿನಲ್ಲಿಯೇ ಇರಿಸಿದ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಅದರ ಆಯುಷ್ಯ ಕುಂದುವುದರಿಂದ, ಮಳೆಗಾಲದಲ್ಲಿ ಹೊರೆಯನ್ನು ತಗ್ಗಿಸುವುದು ಸೂಕ್ತ.

2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನವು ವಸತಿ ಮೇಲ್ಛಾವಣಿ ಸೌರ ವಿದ್ಯುತ್ತಿಗೆ ಸಂಬಂಧಿಸಿದ್ದು, "ಸ್ವಯಂ ಚಾರ್ಜ್" ಸಾಧನಗಳಿಗೆ ಅನ್ವಯಿಸುವುದಿಲ್ಲ. ಸಹಾಯಧನ ದೊರೆಯುವುದೆಂಬ ಭರವಸೆಯ ಮೇಲೆ ಅಂತಹ ಸಾಧನಕ್ಕೆ ಮುಂಗಡ ಹಣ ಪಾವತಿಸಬಾರದಾಗಿ ಕೋರಲಾಗಿದೆ.