ಹಡಗಿನ ಕೋಣೆಯಿಂದ ಅಂಗೈಗೆ: ಕಡಲ ರೇಡಿಯೋದ ಕಥೆ

ದೋಣಿಯಲ್ಲಿ ಹೋಗುವವರ ಕೈಯಲ್ಲಿ ವಾಕಿಟಾಕಿಯಂಥ ಪುಟ್ಟ ಸಾಧನವನ್ನು ನೀವು ನೋಡಿರಬಹುದು. ಗುಂಡಿ ಒತ್ತಿ ಮಾತನಾಡುವುದು, ಬಿಟ್ಟು ಆಲಿಸುವುದು, ಇಷ್ಟೇ ಅದರ ಬಳಕೆ. ಆದರೆ ಕಡಲ ರೇಡಿಯೋ ಹೀಗೆ ಅಂಗೈಗೆ ಇಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಏಕೆ?

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ಬಡಿಯಿತು. ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನ ಏಕೈಕ ರೇಡಿಯೋ ನಿರ್ವಾಹಕ ಆಗಲೇ ಮಲಗಿದ್ದ. ಕರೆ ಕೇಳಿಸಿಕೊಂಡು ದೂರದಿಂದ ಧಾವಿಸಿ ಬಂದ ಕಾರ್ಪೇಥಿಯಾ ಸುಮಾರು 700 ಜನರನ್ನು ಉಳಿಸಿತು. ಸುಮಾರು 1500 ಮಂದಿ ಸತ್ತರು. ಉಪಕರಣವಿತ್ತು, ಆಲಿಸುವ ಕಿವಿ ಇರಲಿಲ್ಲ. ಹಡಗುಗಳಲ್ಲಿ ಹಗಲಿರುಳೂ ರೇಡಿಯೋ ಆಲಿಸುವ ನಿಯಮ ಮಾಡಲು 1914ರ ಲಂಡನ್ ಒಪ್ಪಂದಕ್ಕೆ ಈ ದುರಂತವೇ ಪ್ರೇರಣೆ.

ಅಂದಿನ ಆಪತ್ಕರೆಯ ಆವೃತ್ತಿ 500 ಕಿಲೋಹರ್ಟ್ಸ್, ಅಂದರೆ ಅಲೆಯುದ್ದ 600 ಮೀಟರ್. ಆಂಟೆನ ದಕ್ಷವಾಗಿರಲು ಅದರ ಉದ್ದ ಅಲೆಯುದ್ದದ ಕಾಲು ಭಾಗಕ್ಕೆ ಸಮೀಪವಿರಬೇಕು. ಇಲ್ಲಿ ಅದು 150 ಮೀಟರ್! ಕೂವೆಮರಗಳ ನಡುವೆ ಉದ್ದನೆಯ ತಂತಿ ಕಟ್ಟುತ್ತಿದ್ದುದು ಇದಕ್ಕೇ. ಸಣ್ಣ ದೋಣಿಗೆ ಇದು ಸಾಧ್ಯವೇ?

ಮಾರ್ಸ್ ಸಂಕೇತದ ಜೊತೆಗೆ ಮಾತೂ ಬಂದಾಗ ಆಪತ್ತಿಗೊಂದು ಪದ ಬೇಕಾಯಿತು. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ಫ್ರೆಡರಿಕ್ ಮಾಕ್‌ಫರ್ಡ್ 'ಮೇಡೇ' ಎಂಬುದನ್ನು ಸೂಚಿಸಿದರು. 'ನನಗೆ ನೆರವಾಗಿ' ಎಂಬ ಫ್ರೆಂಚ್ ಮಾತಿನ ಉಚ್ಚಾರಣೆ ಅದು. 1927ರಲ್ಲಿ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು.

ಎರಡನೆಯ ಮಹಾಯುದ್ಧದ ನಂತರ ಅತ್ಯುಚ್ಚ ಆವೃತ್ತಿಯ, ಅಂದರೆ ವಿಎಚ್‌ಎಫ್, ರೇಡಿಯೋ ಕಡಲಿಗೆ ಬಂತು. ಆಪತ್ತಿಗಾಗಿ ಮೀಸಲಾದ 16ನೆಯ ಚಾನೆಲ್‌ನ ಆವೃತ್ತಿ 156.8 ಮೆಗಾಹರ್ಟ್ಸ್. ಅಲೆಯುದ್ದ 1.9 ಮೀಟರ್, ಅದರ ಕಾಲು ಭಾಗ 48 ಸೆಂಟಿಮೀಟರ್ ಮಾತ್ರ! ತಂತಿಯನ್ನು ಸುರುಳಿ ಸುತ್ತಿದರೆ ಇನ್ನೂ ಚಿಕ್ಕದು. ಟ್ರಾನ್ಸಿಸ್ಟರ್ ಬಂದು ಬ್ಯಾಟರಿಯೂ ಕುಗ್ಗಿತು. ರೇಡಿಯೋ ಕೈಗೆ ಬಂತು.

ಇದಕ್ಕೆ ತೆತ್ತ ಬೆಲೆಯೂ ಇದೆ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿಯ ದುಂಡುತನ ಅವನ್ನು ತಡೆಯುತ್ತದೆ. ಆಂಟೆನದ ಎತ್ತರದ (ಮೀಟರ್‌ಗಳಲ್ಲಿ) ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ನೀರಿನಿಂದ 1 ಮೀಟರ್ ಮೇಲೆ ಹಿಡಿದ ರೇಡಿಯೋಕ್ಕೆ ಇದು 4 ಕಿ.ಮೀ. ಅಂಥದೇ ಇನ್ನೊಂದು ದೋಣಿಯೊಡನೆ 8 ಕಿ.ಮೀ. ಆದರೆ ತೀರದಲ್ಲಿ 100 ಮೀಟರ್ ಎತ್ತರದ ಆಂಟೆನ ಇದ್ದರೆ 45 ಕಿ.ಮೀ. ಕೈರೇಡಿಯೋದ 5 ವಾಟ್, ಹಡಗಿನ ರೇಡಿಯೋದ 25 ವಾಟ್ ಎಂಬ ವ್ಯತ್ಯಾಸಕ್ಕಿಂತ ಎತ್ತರವೇ ಮುಖ್ಯ. ಆದ್ದರಿಂದ ಕರೆ ಮಾಡುವಾಗ ಎದ್ದು ನಿಲ್ಲುವುದು ಸುರಕ್ಷಿತವಾಗಿದ್ದರೆ ನಿಲ್ಲಿ, ಆಂಟೆನ ನೆಟ್ಟಗಿರಲಿ.

ಮೊಬೈಲ್ ಇರುವಾಗ ಇದೇಕೆ ಎನ್ನುವಿರಾ? ಮೊಬೈಲ್ ಕರೆ ತಲಪುವುದು ಒಬ್ಬರಿಗೆ. 16ನೆಯ ಚಾನೆಲ್‌ನ ಕರೆ ಸುತ್ತಲಿನ ಎಲ್ಲರಿಗೆ. ಮೂರು ಬಾರಿ 'ಮೇಡೇ', ಬಳಿಕ ದೋಣಿಯ ಹೆಸರು, ಇರುವ ಸ್ಥಳ, ಆಪತ್ತು ಏನು, ಎಷ್ಟು ಜನ ಇದ್ದಾರೆ ಎಂದು ಹೇಳಿ ಗುಂಡಿ ಬಿಡಿ. ಬಿಡದಿದ್ದರೆ ಉತ್ತರ ಕೇಳಿಸದು, ಉಳಿದವರ ದಾರಿಯೂ ಮುಚ್ಚುತ್ತದೆ.

1999ರಲ್ಲಿ ಹೊಸ ಜಾಗತಿಕ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ಮಾರ್ಸ್‌ನ ಕಾಲ ಮುಗಿಯಿತು. ಈಗ ಕೆಲವು ಕೈರೇಡಿಯೋಗಳು ಒಂದೇ ಗುಂಡಿಯಿಂದ, ದೋಣಿ ಇರುವ ಸ್ಥಳವನ್ನೂ ಸೇರಿಸಿ, 70ನೆಯ ಚಾನೆಲ್‌ನಲ್ಲಿ ಆಪತ್ಕರೆ ಕಳಿಸಬಲ್ಲವು. ಆದರೂ 1912ರ ಪಾಠ ಹಳತಾಗಿಲ್ಲ. ಹರಟೆಗೆ 16ನೆಯ ಚಾನೆಲ್ ಬಳಸಬೇಡಿ. ನಿಮ್ಮ ರೇಡಿಯೋವನ್ನು ಅದರಲ್ಲಿ ಆಲಿಸಲು ಬಿಟ್ಟಿರಿ. ಅಂದು ಕರೆಯುವವರು ಇನ್ನೊಬ್ಬರಾಗಿರಬಹುದು.