ಎಂಟು ತಿಂಗಳ ಕೂಸು

ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದ್ದು ಉಳಿಯದು ಎಂದು ನಮ್ಮ ಕಡೆಯ ಮುದುಕಿಯರು ಹೇಳುತ್ತಿದ್ದರು. ನನ್ನ ತಾಯಿಯೂ ಹೇಳುತ್ತಿದ್ದಳು. 1969ರ ಮಳೆಗಾಲದಲ್ಲಿ ನಮ್ಮ ಮೊದಲ ಮಗು ಎಂಟನೆಯ ತಿಂಗಳಲ್ಲೇ ಹುಟ್ಟಿತು. ಹುಟ್ಟಿದಾಗ ಚೆನ್ನಾಗಿಯೇ ಅತ್ತಿತ್ತು. ರಾತ್ರಿಯಾಗುತ್ತಲೇ ಒಂದೊಂದು ಉಸಿರಿಗೂ ನರಳತೊಡಗಿತು. ಎಳೆದೆಳೆದು ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಮರುದಿನ ಸಂಜೆ ತೀರಿಕೊಂಡಿತು. ತಾನು ಅಟ್ಟ ಹತ್ತಿ ಉಪ್ಪಿನಕಾಯಿ ಭರಣಿ ಇಳಿಸಿದ್ದಕ್ಕೇ ಹೀಗಾಯಿತೆಂದು ನನ್ನ ಹೆಂಡತಿ ವರ್ಷಗಟ್ಟಲೆ ನಂಬಿದ್ದಳು. ಅಲ್ಲವೆನ್ನಲು ನನ್ನಲ್ಲಿ ಏನೂ ಆಧಾರವಿರಲಿಲ್ಲ.

ಎಷ್ಟೋ ಕಾಲದ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಎರಡು ಕಿಲೋ ದಾಟಿತ್ತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಹೆಚ್ಚು ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟರೂ 39 ಗಂಟೆಯಷ್ಟೇ ಬದುಕಿದ. ಹೆಂಡತಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಮನೆಯಲ್ಲಿ ಅಟ್ಟ ಹತ್ತೋಕೆ ಆಳುಗಳಿದ್ದರಲ್ಲ" ಎಂದಳು. ಆಮೇಲೆ ಭರಣಿಯ ಮಾತು ಎತ್ತಲಿಲ್ಲ.

ಕಾರಣ ಆಗಲೇ ಗೊತ್ತಿತ್ತು ಎಂಬುದೇ ಸಂಕಟ. ಶ್ವಾಸಕೋಶದ ಗಾಳಿಗೂಡುಗಳ ಒಳಮೈಯಲ್ಲಿ ಸಾಬೂನಿನಂಥ ಒಂದು ತೆಳು ಲೇಪವಿರುತ್ತದೆ. ಉಸಿರು ಬಿಟ್ಟಾಗ ಗೂಡು ಮುಚ್ಚಿ ಅಂಟದಂತೆ ಅದು ಕಾಯುತ್ತದೆ. ಬೇಗ ಹುಟ್ಟಿದ ಮಗುವಿನಲ್ಲಿ ಅದು ಸಾಕಷ್ಟು ಕೂಡಿರುವುದಿಲ್ಲ. 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆ, ಜೆರೆ ಮೀಡ್ ಜೊತೆಗೆ ಇದನ್ನು ತೋರಿಸಿಕೊಟ್ಟಿದ್ದರು. ಆದರೆ ಕಾರಣ ತಿಳಿದ ಮಾತ್ರಕ್ಕೆ ಮದ್ದು ಸಿಗುವುದಿಲ್ಲ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆಗೆ ಮೊದಲೇ ತಾಯಿಗೆ ಸ್ಟೀರಾಯ್ಡ್ ಚುಚ್ಚಿದರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ಕಂಡರು. ಲಿಗಿನ್ಸ್‌ಗೆ ಸುಳಿವು ಕೊಟ್ಟದ್ದು ಕುರಿಮರಿಗಳು. 1980ರಲ್ಲಿ ಜಪಾನಿನ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ತೆಗೆದು ಸಿದ್ಧಪಡಿಸಿದ ಲೇಪವನ್ನು ಹತ್ತು ಮಕ್ಕಳ ಉಸಿರ್ನಾಳಕ್ಕೆ ಹಾಕಿದ ವರದಿ ಪ್ರಕಟಿಸಿದರು.

ಉಳಿದ ಮಕ್ಕಳಿಗೆ ಬೇರೆ ಕಷ್ಟ ಕಾದಿತ್ತು. ಉಸಿರಾಡಿಸುವ ಯಂತ್ರ, ಹೆಚ್ಚು ಆಮ್ಲಜನಕ ಇವೇ ಎಳೆಯ ಶ್ವಾಸಕೋಶವನ್ನು ಕೆಡಿಸುತ್ತವೆ ಎಂದು 1967ರಲ್ಲೇ ನಾರ್ತ್‌ವೇ ಬರೆದು, ಆ ರೋಗಕ್ಕೊಂದು ಉದ್ದನೆಯ ಹೆಸರಿಟ್ಟಿದ್ದರು. ವೈದ್ಯರು ಅದನ್ನು ಬಿಪಿಡಿ ಎನ್ನುತ್ತಾರೆ.

ಆ ಮೂರಕ್ಷರ ನಮ್ಮ ಮನೆಗೂ ಬಂತು. 2022ರಲ್ಲಿ ತಂಗಿಯ ಮಗನಿಗೆ ಗಂಡು ಮಗು ಹುಟ್ಟಿತು, 26 ವಾರಕ್ಕೇ. ಎರಡು ತಿಂಗಳಾದರೂ ಆಮ್ಲಜನಕ ಬಿಡಿಸಲಾಗಲಿಲ್ಲ. ಒಂದು ರಾತ್ರಿ ಅವನು ಫೋನು ಮಾಡಿದ: "ಮಾವ, ಸ್ಟೆಮ್ ಸೆಲ್ ಅಂತ ಇದೆಯಂತೆ. ತೋಟ ಮಾರಿಯಾದರೂ ಕೊಡಿಸ್ತೀನಿ."

ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬೇರೆ ಮಗುವಿನ ಹೊಕ್ಕುಳಬಳ್ಳಿಯ ರಕ್ತದಿಂದ ಬೆಳೆಸಿದ ಜೀವಕೋಶಗಳನ್ನು ಉಸಿರ್ನಾಳಕ್ಕೆ ಹಾಕುತ್ತಾರೆ, ಕಿಲೋ ತೂಕಕ್ಕೆ ಒಂದು ಅಥವಾ ಎರಡು ಕೋಟಿ. ಅವು ಹೊಸ ಶ್ವಾಸಕೋಶ ಕಟ್ಟುವುದಕ್ಕಿಂತ, ತಾವು ಸ್ರವಿಸುವ ವಸ್ತುಗಳಿಂದ ಉರಿಯೂತ ತಣಿಸುತ್ತವೆ ಎಂಬ ಊಹೆ. ಇಲಿಮರಿಗಳಲ್ಲಿ ಫಲ ಕಂಡಿತ್ತು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಒಂಬತ್ತು ಶಿಶುಗಳಿಗೆ ಕೊಟ್ಟು, ತಕ್ಷಣದ ಅಪಾಯವೇನೂ ಕಾಣಲಿಲ್ಲವೆಂದು 2014ರಲ್ಲಿ ವರದಿ ಮಾಡಿದರು. 2021ರಲ್ಲಿ 66 ಶಿಶುಗಳ ಪರೀಕ್ಷೆಯ ಫಲಿತಾಂಶ ಬಂತು: ಸಾವು ಅಥವಾ ಮಧ್ಯಮದಿಂದ ತೀವ್ರ ಮಟ್ಟದ ರೋಗದ ಒಟ್ಟು ಲೆಕ್ಕದಲ್ಲಿ ಖಚಿತವಾದ ವ್ಯತ್ಯಾಸವಿರಲಿಲ್ಲ.

ಅವನಿಗೆ ಹಾಗೆಯೇ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ, ಸಿಟ್ಟಾಗಿದ್ದನೇನೋ. ತೋಟ ಮಾರಲಿಲ್ಲ. ಐದನೆಯ ತಿಂಗಳಲ್ಲಿ ಮಗು ಸಿಲಿಂಡರಿನ ಸಮೇತ ಮನೆಗೆ ಬಂತು. ನನ್ನ ಹೆಂಡತಿ ಆ ರಾತ್ರಿಯೆಲ್ಲ ತೊಟ್ಟಿಲ ಪಕ್ಕ ಕುಳಿತು, ಪಕ್ಕೆ ಒಳಕ್ಕೆ ಹೋಗುತ್ತದೆಯೇ ಎಂದು ನೋಡುತ್ತಿದ್ದಳು.