ಚುಪಕಾಬ್ರಾ: ಒಂದು ಕಾಯಿಲೆಗೆ ದೊರೆತ ದೆವ್ವದ ಹೆಸರು

ಟೆಕ್ಸಸ್‌ನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ‘ಚುಪಕಾಬ್ರಾ’ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಆಡುಗಳ ರಕ್ತ ಹೀರುವ ಮೃಗವೆಂದು ಅದರ ಖ್ಯಾತಿ. ಕೇಳಲು ಪುರಾತನ ದಂತಕಥೆಯಂತೆ ತೋರಿದರೂ ಈ ಕಥೆಯ ವಯಸ್ಸು ಅಷ್ಟೇನೂ ಹೆಚ್ಚಲ್ಲ. 1995ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಸಾಕುಪ್ರಾಣಿಗಳು ಸತ್ತುಬಿದ್ದಾಗ ಅದು ಹುಟ್ಟಿಕೊಂಡಿತು. ಅಲ್ಲಿನವರು ವರ್ಣಿಸಿದ ಜೀವಿ ಎರಡು ಕಾಲುಗಳ ಮೇಲೆ ನಿಲ್ಲುತ್ತಿತ್ತು; ಅದರ ಬೆನ್ನಮೇಲೆ ಮುಳ್ಳುಗಳಿದ್ದವು. ಅದೇ ವರ್ಷ ತೆರೆಕಂಡ ‘ಸ್ಪೀಷೀಸ್’ ಎಂಬ ಹಾಲಿವುಡ್ ಚಿತ್ರದ ಜೀವಿಗೂ ಈ ವರ್ಣನೆಗೂ ಇರುವ ಹೋಲಿಕೆಯನ್ನು ಸಂಶೋಧಕ ಬೆಂಜಮಿನ್ ರಾಡ್‌ಫರ್ಡ್ ಎತ್ತಿ ತೋರಿಸಿದ್ದಾರೆ.

ಟೆಕ್ಸಸ್ ತಲುಪುವ ಹೊತ್ತಿಗೆ ಹೆಸರು ಉಳಿಯಿತು, ರೂಪ ಬದಲಾಯಿತು. 2004ರಲ್ಲಿ ಸ್ಯಾನ್ ಆಂಟೋನಿಯೊ ಸಮೀಪದ ಎಲ್ಮಂಡಾರ್ಫ್‌ನಲ್ಲಿ, 2007ರಲ್ಲಿ ಕ್ವೇರೊ ಪಟ್ಟಣದ ಬಳಿ ಕಂಡದ್ದು ರೋಮವಿಲ್ಲದ, ಬೂದುಬಣ್ಣದ, ನಾಯಿಯನ್ನು ಹೋಲುವ ನಾಲ್ಕು ಕಾಲಿನ ಪ್ರಾಣಿಗಳು. ಕ್ವೇರೊದ ಪ್ರಾಣಿಯ ಡಿಎನ್‌ಎಯನ್ನು ಸ್ಯಾನ್ ಮಾರ್ಕಸ್‌ನ ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಅದು ಕಯೋಟಿಯೆಂದು ತಿಳಿಯಿತು. ನಮ್ಮ ಜಾರ್ಜ್‌ಟೌನ್‌ನ ಬಡಾವಣೆಗಳ ಅಂಚಿನಲ್ಲಿ ರಾತ್ರಿ ಊಳಿಡುವುದೂ ಇದೇ ಕಯೋಟಿ.

ಕಯೋಟಿಗೆ ಈ ರೂಪ ಬರುವುದು ಸಾಮಾನ್ಯವಾಗಿ ಕಜ್ಜಿಯಿಂದ. ‘ಸಾರ್ಕಾಪ್ಟಿಸ್ ಸ್ಕೇಬಿಯೈ’ ಎಂಬ ಎಂಟು ಕಾಲಿನ ಅತಿಸೂಕ್ಷ್ಮ ನುಸಿ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಮನುಷ್ಯರಲ್ಲಿ ತುರಿಕಜ್ಜಿಯನ್ನು ಉಂಟುಮಾಡುವುದೂ ಇದೇ ಪ್ರಭೇದದ ನುಸಿಯೇ. ಇದನ್ನು 1687ರಷ್ಟು ಹಿಂದೆಯೇ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಸೂಕ್ಷ್ಮದರ್ಶಕದಲ್ಲಿ ಕಂಡು ದಾಖಲಿಸಿದ್ದರು. ನುಸಿ ಹೊಕ್ಕ ಪ್ರಾಣಿ ಬಿಡುವಿಲ್ಲದೆ ಕೆರೆದುಕೊಳ್ಳುತ್ತದೆ, ರೋಮ ಉದುರುತ್ತದೆ, ಚರ್ಮ ದಪ್ಪವಾಗಿ ಸುಕ್ಕುಗಟ್ಟುತ್ತದೆ, ಬ್ಯಾಕ್ಟೀರಿಯಾ ಸೋಂಕು ಸೇರಿಕೊಳ್ಳುತ್ತದೆ. ಸೊರಗಿದ ಪ್ರಾಣಿಗೆ ಕಾಡಿನ ಬೇಟೆ ದಕ್ಕುವುದಿಲ್ಲ. ಹಾಗಾಗಿಯೇ ಅದು ಕೋಳಿಗೂಡಿನ ಕಡೆಗೆ, ಆಡಿನ ಕೊಟ್ಟಿಗೆಯ ಕಡೆಗೆ ಹಗಲಿನಲ್ಲೂ ಬರುತ್ತದೆ.

ಹಾಗಾದರೆ ರಕ್ತ ಹೀರಿದ ಮಾತು? ಸತ್ತ ದೇಹದಲ್ಲಿ ಹೃದಯದ ಒತ್ತಡವಿರುವುದಿಲ್ಲ. ರಕ್ತ ಕೆಳಭಾಗಕ್ಕೆ ಇಳಿದು ಹೆಪ್ಪುಗಟ್ಟುತ್ತದೆ. ಕುತ್ತಿಗೆಯಲ್ಲಿ ಹಲ್ಲಿನ ಗುರುತು, ಹೊರಗೆ ರಕ್ತವೇ ಇಲ್ಲ ಎಂದಾಗ ಯಾರೋ ಹೀರಿದರೆಂದು ನೋಡಿದವರಿಗೆ ಅನ್ನಿಸುವುದು ಸಹಜ.

ಮಬ್ಬುಗತ್ತಲೆಯಲ್ಲಿ ಹಗ್ಗವು ಹಾವಾಗಿ ತೋರುವ ದೃಷ್ಟಾಂತ ನಮ್ಮ ವೇದಾಂತದಲ್ಲಿ ಪ್ರಸಿದ್ಧ. ಹಾವೆಂದು ಹೊಡೆದರೆ ಹಗ್ಗಕ್ಕೆ ನೋವಾಗದು. ಚುಪಕಾಬ್ರಾ ಎಂದು ಗುಂಡಿಗೆ ಬಲಿಯಾಗುವುದಾದರೋ ನರಳುತ್ತಿರುವ ಜೀವ. ಈ ರೋಗವು ಮನುಷ್ಯರಿಂದ ಸಾಕುನಾಯಿಗಳಿಗೆ, ಅವುಗಳಿಂದ ಕಾಡುಪ್ರಾಣಿಗಳಿಗೆ ದಾಟಿರಬೇಕೆಂದು ಮಿಷಿಗನ್ ವಿಶ್ವವಿದ್ಯಾಲಯದ ಬ್ಯಾರಿ ಓಕಾನರ್ ಅಭಿಪ್ರಾಯಪಟ್ಟಿದ್ದಾರೆ. ಅದು ನಿಜವಾದರೆ, ನಾವು ಕೊಟ್ಟ ಕಾಯಿಲೆಯನ್ನೇ ನಾವು ದೆವ್ವವೆಂದು ಕರೆದಂತಾಯಿತು.

ಇಂತಹ ಪ್ರಾಣಿ ಹಿತ್ತಲಿಗೆ ಬಂದರೆ ಮುಟ್ಟಬೇಡಿ, ಆಹಾರವಿಡಬೇಡಿ. ಸ್ಥಳೀಯ ಪ್ರಾಣಿ ನಿಯಂತ್ರಣ ವಿಭಾಗಕ್ಕೆ ತಿಳಿಸಿ. ಸಾಕುನಾಯಿಯನ್ನು ದೂರವಿಡಿ, ಅದು ತುರಿಸಿಕೊಳ್ಳತೊಡಗಿದರೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಪ್ರಾಣಿಗಳ ನುಸಿಯಿಂದ ಮನುಷ್ಯರಿಗೂ ತುರಿಕೆ ಬರಬಹುದು. ಆದರೆ ಅದು ನಮ್ಮ ಚರ್ಮದಲ್ಲಿ ಬಹುಕಾಲ ನಿಲ್ಲದು. ಮಕ್ಕಳು ಕೇಳಿದಾಗ ಅದಕ್ಕೆ ‘ಕಜ್ಜಿ’ ಎಂಬ ಅದರ ನಿಜವಾದ ಹೆಸರನ್ನೇ ಹೇಳಿಕೊಡೋಣ.